ತಗಡಿನ ರೆಕ್ಕೆಗಳು

ಹಳೆಯ ತಗಡಿನ ವಿಮಾನವೊಂದು ಕೈಗೆ ಬಂದಾಗ ಅನುಭವಿಯಾದ ಸಂಗ್ರಾಹಕನು ಮೊದಲು ಅದನ್ನು ಮಗುಚಿ ನೋಡುತ್ತಾನೆ. ಮೂತಿಯ ಹೊಳಪು, ರೆಕ್ಕೆಯ ಬಣ್ಣ ಇವೆಲ್ಲ ಆಮೇಲಿನ ಮಾತು. ತಯಾರಕರ ಮುದ್ರೆಯೂ ದೇಶದ ಹೆಸರೂ ಸಾಮಾನ್ಯವಾಗಿ ಹೊಟ್ಟೆಯ ಭಾಗದಲ್ಲಿಯೋ ಬಾಲದ ಬಳಿಯೋ ಅಡಗಿರುತ್ತವೆ. ಆ ಪುಟ್ಟ ಆಟಿಕೆಯು ಯಾವ ನಾಡಿನದು, ಎಂತಹ ದಿನಗಳನ್ನು ಕಂಡು ಬಂದುದು ಎಂಬುದನ್ನು ಕೆಲವೊಮ್ಮೆ ಆ ಒಂದೇ ಸಾಲು ತಿಳಿಸಿಬಿಡುತ್ತದೆ.

ಈ ಆಟಿಕೆಗಳ ತಗಡು ತವರದ ಲೇಪವುಳ್ಳ ತೆಳುವಾದ ಉಕ್ಕಿನ ಹಾಳೆ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವುದನ್ನು ಕಂಡವರಿಗೆ ಇದರ ಮರ್ಮ ಸುಲಭವಾಗಿ ತಿಳಿದೀತು. ಅಲ್ಲಿ ಕಿಲುಬನ್ನು ತಡೆಯುವ ತವರವೇ ಇಲ್ಲಿ ತುಕ್ಕನ್ನು ತಡೆಯುತ್ತದೆ. ಹಾಳೆ ಚಪ್ಪಟೆಯಾಗಿರುವಾಗಲೇ ಅದರ ಮೇಲೆ ಬಣ್ಣದ ಚಿತ್ರಗಳನ್ನು ಮುದ್ರಿಸುತ್ತಿದ್ದರು. ಸಾಲುಸಾಲು ಕಿಟಕಿಗಳು, ಅವುಗಳಲ್ಲಿ ಇಣುಕುವ ಪ್ರಯಾಣಿಕರು, ಚಾಲಕನ ಗಂಭೀರ ಮುಖ, ಎಲ್ಲವೂ ಮುದ್ರಣದ ಮಾಯೆ! ಬಳಿಕ ಹಾಳೆಯನ್ನು ಅಚ್ಚಿನಲ್ಲಿ ಒತ್ತಿ ಆಕಾರ ಕೊಟ್ಟು, ಒಂದು ತುಂಡಿನ ಅಂಚಿನಲ್ಲಿರುವ ಕಿರುನಾಲಗೆಯನ್ನು ಇನ್ನೊಂದರ ಸೀಳಿನಲ್ಲಿ ತೂರಿಸಿ ಬಗ್ಗಿಸಿದರೆ ವಿಮಾನ ಸಿದ್ಧವಾಗುತ್ತಿತ್ತು. ಒಮ್ಮೆ ಬಿಚ್ಚಿ ಮತ್ತೆ ಬಗ್ಗಿಸಿದ ನಾಲಗೆಯಲ್ಲಿ ಬಿರುಕೋ ಗೀರೋ ಉಳಿಯುವುದುಂಟು. ಯಾರೋ ಒಳಗೆ ಕೈಯಾಡಿಸಿದ್ದಾರೆ ಎಂಬುದಕ್ಕೆ ಸಂಗ್ರಾಹಕನಿಗೆ ಅಷ್ಟು ಸಾಕ್ಷ್ಯ ಸಾಕು.

ರೈಟ್ ಸಹೋದರರು 1903ರಲ್ಲಿ ಹಾರಿದ ಮೇಲೆ ಆಟಿಕೆಗಾರರು ಬಹುಕಾಲ ಕಾದು ಕೂರಲಿಲ್ಲ. ತಗಡಿನ ಆಟಿಕೆಗಳಿಗೆ ಹೆಸರಾಂತ ಊರು ಜರ್ಮನಿಯ ನ್ಯೂರೆಂಬರ್ಗ್. ಅಲ್ಲಿ 1912ರಲ್ಲಿ ಆರಂಭವಾದ 'ಟಿಪ್ ಅಂಡ್ ಕಂಪನಿ'ಯ ವಿಮಾನಗಳಿಗೆ ಸಂಗ್ರಾಹಕರು ಇಂದಿಗೂ ಹಾತೊರೆಯುತ್ತಾರೆ. ಅದರ ಒಡೆಯರಾಗಿದ್ದ ಫಿಲಿಪ್ ಉಲ್ಮನ್ ಯೆಹೂದ್ಯರು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಅವರು ದೇಶವನ್ನು ತೊರೆದು ಇಂಗ್ಲೆಂಡನ್ನು ಸೇರಿದರು. ನಾರ್ಥಾಂಪ್ಟನ್ ನಗರದಲ್ಲಿ 'ಮೆಟ್ಟಾಯ್' ಎಂಬ ಆಟಿಕೆಯ ಕಂಪನಿಯನ್ನು ಕಟ್ಟಿದರು. ಅವರು ಬಿಟ್ಟುಹೋದ ಕಾರ್ಖಾನೆಯಲ್ಲಿ ಮುಂದೆ ನಾಜಿಗಳ ಸ್ವಸ್ತಿಕ ಚಿಹ್ನೆಯನ್ನು ಹೊತ್ತ ಯುದ್ಧವಿಮಾನಗಳು ತಯಾರಾದವು, ಮಕ್ಕಳ ಕೈಗಾಗಿ! ಇಂತಹ ಆಟಿಕೆಯನ್ನು ಕಪಾಟಿನಲ್ಲಿ ಇಡಬೇಕೇ ಬೇಡವೇ ಎಂಬ ಪ್ರಶ್ನೆ ಸಂಗ್ರಾಹಕನಿಗೆ ಎದುರಾಗುವುದು ಸಹಜ. ಆದರೆ ಅದನ್ನು ಎಸೆದುಬಿಟ್ಟರೆ, ದ್ವೇಷವು ಆಟದ ಅಂಗಳವನ್ನೂ ಹೊಕ್ಕಿತ್ತು ಎಂಬ ಮಾತಿಗೆ ಕಣ್ಣೆದುರಿನ ಪುರಾವೆಯೇ ಹೋದೀತು.

ಜಪಾನಿನ ಕಥೆ ಇನ್ನೊಂದು ಬಗೆಯದು. ಯುದ್ಧಕಾಲದಲ್ಲಿ ಅಲ್ಲಿಯ ಲೋಹವೆಲ್ಲ ಶಸ್ತ್ರಾಸ್ತ್ರಗಳಿಗೆ ಮೀಸಲಾಗಿತ್ತು. 1945ರ ಆಗಸ್ಟಿನಲ್ಲಿ ದೇಶವು ಸೋತಾಗ ನಗರಗಳು ಬೂದಿಯಾಗಿದ್ದವು. ಅಮೆರಿಕದ ಸೈನಿಕರು ತಿಂದೆಸೆದ ಆಹಾರದ ಡಬ್ಬಿಗಳು ಮಾತ್ರ ರಾಶಿರಾಶಿಯಾಗಿ ಬಿದ್ದಿದ್ದವು. ಒತ್ಸು ಎಂಬ ಊರಿನಲ್ಲಿ ಕೊಸುಗೆ ಎಂಬ ಆಟಿಕೆಗಾರರು ಆ ಡಬ್ಬಿಗಳನ್ನು ತೊಳೆದು, ಚಪ್ಪಟೆ ಮಾಡಿ, ಪುಟ್ಟ ಜೀಪುಗಳನ್ನು ತಯಾರಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಕ್ಯೋಟೋ ನಗರದಲ್ಲಿ ಅವು ಹತ್ತು ಯೆನ್ನಿಗೊಂದರಂತೆ ಮಾರಾಟವಾದವು. ಜೀಪಿನ ಹಿಂದೆಯೇ ವಿಮಾನಗಳೂ ಬಂದವು. ಆ ಕಾಲದ ಕೆಲವು ಆಟಿಕೆಗಳ ಒಳಮೈಯಲ್ಲಿ ಹಳೆಯ ಡಬ್ಬಿಯ ಅಕ್ಷರಗಳು ಇಂದಿಗೂ ಕಾಣುತ್ತವೆ. 1947ರಿಂದ 1952ರವರೆಗೆ ಅಲ್ಲಿಂದ ರಫ್ತಾದ ಅನೇಕ ಸರಕುಗಳ ಮೇಲೆ 'ಆಕ್ರಮಿತ ಜಪಾನಿನಲ್ಲಿ ತಯಾರಾದುದು' ಎಂಬ ಅರ್ಥದ ಇಂಗ್ಲಿಷ್ ಬರಹವಿದೆ. ನಿಜವಾದ ವಿಮಾನವನ್ನು ತಯಾರಿಸಲು ಆ ದೇಶಕ್ಕೆ 1952ರವರೆಗೆ ಅನುಮತಿಯೇ ಇರಲಿಲ್ಲ. ಆಟಿಕೆಯ ವಿಮಾನಕ್ಕೆ ಯಾರ ಅಡ್ಡಿಯೂ ಇರಲಿಲ್ಲ!

ಮುಂದಿನ ದಶಕದಲ್ಲಿ ಜಪಾನಿನ ಕುಶಲಿಗಳು ಈ ವಿದ್ಯೆಯನ್ನು ಬಹಳ ಎತ್ತರಕ್ಕೆ ಕೊಂಡೊಯ್ದರು. ನೆಲದ ಮೇಲೆ ಉಜ್ಜಿ ಬಿಟ್ಟರೆ ಒಳಗಿನ ಭಾರದ ಚಕ್ರದ ಬಲದಿಂದ ಓಡುವ ವಿಮಾನಗಳು ಬಂದವು. ಬ್ಯಾಟರಿಯ ಬಲದಿಂದ ಪಂಕಗಳನ್ನು ತಿರುಗಿಸಿ ದೀಪ ಮಿನುಗಿಸುವವೂ ಬಂದವು. ಪ್ಯಾನ್ ಅಮೆರಿಕನ್ ಮೊದಲಾದ ವಿಮಾನ ಕಂಪನಿಗಳ ಹೆಸರು ಹೊತ್ತು ಅವು ಹಡಗೇರಿ ಅಮೆರಿಕದ ಮನೆಗಳನ್ನು ಸೇರಿದವು. ಆಮೇಲೆ ಪ್ಲಾಸ್ಟಿಕ್ ಬಂದಿತು. ತಗಡಿನ ಹರಿತವಾದ ಅಂಚು, ಬಣ್ಣದಲ್ಲಿನ ಸೀಸ ಇವುಗಳ ಬಗೆಗೆ ತಾಯಿತಂದೆಯರಲ್ಲಿ ಅಂಜಿಕೆ ಮೂಡಿದ್ದೂ ನ್ಯಾಯವೇ.

ಹೀಗೆ ಮೂಲೆಗೆ ಬಿದ್ದವನ್ನು ಹುಡುಕಿ ತಂದವರಲ್ಲಿ 1948ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ತೆರುಹಿಸಾ ಕಿತಹಾರ ಪ್ರಸಿದ್ಧರು. 1986ರಲ್ಲಿ ಅವರು ಯೊಕೊಹಾಮಾ ನಗರದಲ್ಲಿ ತಗಡಿನ ಆಟಿಕೆಗಳದೇ ಒಂದು ವಸ್ತುಸಂಗ್ರಹಾಲಯವನ್ನು ತೆರೆದರು.

ಸಂಗ್ರಾಹಕರ ಲೋಕದಲ್ಲಿ ಒಂದು ವಿಚಿತ್ರವುಂಟು. ಪೆಟ್ಟಿಗೆಯಿಂದ ಹೊರಗೆ ಬಾರದ, ಮಗುವಿನ ಕೈ ಸೋಕದ ವಿಮಾನಕ್ಕೇ ಹೆಚ್ಚು ಬೆಲೆ. ಮೂತಿ ತಗ್ಗಾದ, ಪಂಕ ಕಳೆದುಹೋದ ವಿಮಾನವನ್ನು ಕೇಳುವವರು ಕಡಿಮೆ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿದರಂತೂ ಬೆಲೆ ಇನ್ನೂ ಇಳಿಯುತ್ತದೆ. ಯಾವ ಆಟಕ್ಕಾಗಿ ಅದನ್ನು ಮಾಡಿದರೋ ಆ ಆಟವೇ ಅದರ ಬೆಲೆಯನ್ನು ತಗ್ಗಿಸುತ್ತದೆ! ಕೀಲಿ ಕೊಟ್ಟು ಓಡಿಸುವ ವಿಮಾನದ್ದು ಮತ್ತೊಂದು ಪಾಡು. ಹಲವು ದಶಕಗಳು ಕಳೆದ ಉಕ್ಕಿನ ಸುರುಳಿ ಒಂದೇ ತಿರುವಿಗೆ ಮುರಿದೀತೆಂಬ ಭಯದಿಂದ ಎಷ್ಟೋ ಸಂಗ್ರಾಹಕರು ಅದನ್ನು ತಿರುಗಿಸುವುದೇ ಇಲ್ಲ. ಗಾಜಿನ ಕಪಾಟಿನಲ್ಲಿ ವಿಮಾನ. ಪಕ್ಕದಲ್ಲಿಯೇ ಅದರ ಕೀಲಿ.