ಅಳಿವೆ ದಾಟುವ ಹೊತ್ತು

2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಒಂದೇ ಎಂಜಿನ್ನಿನ ಪುಟ್ಟ ಸೆಸ್ನಾ 180 ವಿಮಾನ ಕರೀಂನಗರಕ್ಕೆ ಹೊರಟಿತು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ನಟಿ ಸೌಂದರ್ಯ ಅದರಲ್ಲಿದ್ದರು. ಮೇಲೇರಿದ ಕೆಲವೇ ಕ್ಷಣಗಳಲ್ಲಿ ಅದು ಸಮೀಪದ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ಸೌಂದರ್ಯ, ಅವರ ಸಹೋದರ ಅಮರನಾಥ್, ಪೈಲಟ್ ಸೇರಿ ನಾಲ್ವರೂ ಉಳಿಯಲಿಲ್ಲ. ಮುಳುಗಡೆಯ ನೋವನ್ನು ಹೇಳುವ 'ದ್ವೀಪ' ಚಿತ್ರವನ್ನು ನಿರ್ಮಿಸಿ, ಅದರಲ್ಲಿ ನಟಿಸಿದವರು ಅವರೇ.

ನಾನು ಈ ಘಟನೆಯ ಬಗ್ಗೆ ಓದಿದ್ದಕ್ಕೆ ಕಾರಣವಿದೆ. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಿಗೆ ವಿಮಾನವೆಂದರೆ ಗಲ್ಫ್‌ಗೆ ಹೋಗುವ ಬಸ್ಸಿದ್ದ ಹಾಗೆ. ನನಗೆ ಅದನ್ನು ಓಡಿಸುವ ಆಸೆ. ಅಮ್ಮಿಗೆ ಭಯ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡದ್ದನ್ನು ನಮ್ಮ ಕರಾವಳಿಯಲ್ಲಿ ಯಾರೂ ಮರೆತಿಲ್ಲ. "ಮೊದಲು ಅಪಾಯ ಎಲ್ಲಿದೆ ಅಂತ ತಿಳಿದುಕೋ" ಎಂದರು ಅಬ್ಬಾ.

ತಗ್ಗಿನಲ್ಲಿ ಹಾರುವಾಗ ಅಪಾಯ ಕಡಿಮೆ ಎಂದು ನಮಗೆ ಅನಿಸುತ್ತದೆ. ನಿಜ ಬೇರೆ. ತುಂಬಾ ಎತ್ತರದಲ್ಲಿ ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ತೇಲುತ್ತಾ ಇಳಿಯುತ್ತದೆ. ಬಯಲು ಹುಡುಕಲು ಪೈಲಟ್‌ಗೆ ಸಮಯ ಸಿಗುತ್ತದೆ. ಆಗಷ್ಟೇ ಮೇಲೇರಿದ ವಿಮಾನಕ್ಕೆ ಎತ್ತರವೂ ಇಲ್ಲ, ಹೆಚ್ಚಿನ ವೇಗವೂ ಇಲ್ಲ. ಆಗ ಮನಸ್ಸು 'ರನ್‌ವೇಗೆ ತಿರುಗು' ಎನ್ನುತ್ತದೆ. ಆದರೆ ತಿರುಗಲು ವಿಮಾನ ವಾಲಬೇಕು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಭಾರ ಎರಡು ಪಟ್ಟಾಗುತ್ತದೆ. ಎತ್ತುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಬೀಳದಿರಲು ಬೇಕಾದ ಕನಿಷ್ಠ ವೇಗ ಶೇ. 41ರಷ್ಟು ಏರುತ್ತದೆ. ಆ ವೇಗ ಕೊಡಬೇಕಾದ ಎಂಜಿನ್ನೇ ನಿಂತಿದೆ! ಅದಕ್ಕೇ ತರಬೇತಿಯಲ್ಲಿ ಕಲಿಸುವ ಪಾಠ: ತಗ್ಗಿನಲ್ಲಿ ಎಂಜಿನ್ ಕೈಕೊಟ್ಟರೆ ಹಿಂದಿರುಗಬೇಡ, ಮೂತಿ ತಗ್ಗಿಸಿ ಎದುರಿನ ಬಯಲಿಗೆ ಇಳಿಸು. ಇದನ್ನು ಹೊರಡುವ ಮೊದಲೇ ನಿರ್ಧರಿಸಿಕೊಂಡಿರಬೇಕು. ಆ ಕ್ಷಣದಲ್ಲಿ ಯೋಚಿಸಲು ಪುರುಸೊತ್ತಿಲ್ಲ.

ಕಾಸರಕೋಡಿನ ಮೀನುಗಾರಿಕೆ ಬೋಟಿನಲ್ಲಿ ದುಡಿಯುವ ಅಬ್ಬಾಗೆ ಇದನ್ನು ವಿವರಿಸಿದೆ. ನಾನು ಮುಗಿಸುವ ಮೊದಲೇ ಅವರಿಗೆ ಅರ್ಥವಾಗಿತ್ತು. "ನಡುಗಡಲಲ್ಲಿ ಎಂಜಿನ್ ನಿಂತರೆ ಲಂಗರು ಹಾಕಿ ನೋಡಬಹುದು. ಶರಾವತಿ ಅಳಿವೆಯಲ್ಲಿ ನಿಂತರೆ ಅಲೆ ಕಾಯುವುದಿಲ್ಲ. ಅಡ್ಡ ತಿರುಗಿದರೆ ಬೋಟು ಮಗುಚುತ್ತದೆ. ಅದಕ್ಕೇ ಅಳಿವೆ ಬರುವ ಮೊದಲೇ ಎಂಜಿನ್ ಸದ್ದು ಕಿವಿಗೊಟ್ಟು ಕೇಳುತ್ತೇವೆ" ಎಂದರು.

ಗೆಳೆಯರೇ, ಪೈಲಟ್ ಆಗಲು ಭೌತಶಾಸ್ತ್ರ ಮತ್ತು ಗಣಿತದ ತಿಳಿವಳಿಕೆ ಬೇಕು. ಈ ಲೆಕ್ಕಗಳನ್ನು ಈಗ ನಾನು ಅಂಕಕ್ಕಾಗಿ ಮಾತ್ರ ಮಾಡುತ್ತಿಲ್ಲ. ಮುಂದೊಂದು ದಿನ ನನ್ನ ಹಿಂದಿನ ಸೀಟಿನಲ್ಲಿ ಯಾರದೋ ಅಮ್ಮ, ಯಾರದೋ ಅಣ್ಣ ಕೂತಿರುತ್ತಾರೆ.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ