ಔಷಧವೆಂಬ ಹೆಸರು

ನಮ್ಮ ವಿಜಯಪುರದ ಪಕ್ಕದ ತಿಕೋಟಾ, ಬಬಲೇಶ್ವರಗಳಲ್ಲಿ ದ್ರಾಕ್ಷಿಬಳ್ಳಿಗೆ ಹೊಡೆಯುವ ವಿಷಕ್ಕೆ ‘ಔಷಧ’ವೆಂದೇ ಹೆಸರು. ಹೆಸರು ಮೃದುವಾದರೆ ಭಯವೂ ಮೆತ್ತಗಾಗುತ್ತದೆ.

1962ರಿಂದ 1971ರವರೆಗೆ ಅಮೆರಿಕದ ಸೈನ್ಯವು ವಿಯೆಟ್ನಾಮಿನ ಕಾಡುಗಳ ಮೇಲೆ ಸುರಿದ ಎಲೆನಾಶಕಗಳಲ್ಲಿ ಒಂದಕ್ಕೆ, ಪೀಪಾಯಿಯ ಮೇಲಿನ ಪಟ್ಟಿಯ ಬಣ್ಣದಿಂದ, ‘ಏಜೆಂಟ್ ಆರೆಂಜ್’ ಎಂಬ ಹಣ್ಣಿನಂಥ ಹೆಸರು ಬಂದಿತು. ಸೈನ್ಯ ಮರಳಿತು, ದಾ ನಾಂಗ್ ವಿಮಾನನೆಲೆಯ ಮಣ್ಣಿನಲ್ಲಿ ಡಯಾಕ್ಸಿನ್ ಉಳಿಯಿತು. ಆ ಮಣ್ಣನ್ನು ಕಾಯಿಸಿ ಶುದ್ಧಗೊಳಿಸುವ ಕೆಲಸ ಮುಗಿದದ್ದು 2018ರಲ್ಲಿ.

ವಿಯೆಟ್ನಾಮು ದೂರವೆನ್ನೋಣ. ಕನ್ನಡವಾಡುವ ಕಾಸರಗೋಡಿನ ಪಡ್ರೆ ದೂರವೆ? ಅಲ್ಲಿಯ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರು ಎಂಡೋಸಲ್ಫಾನ್ ಸಿಂಪಡಿಸಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆ ವಿಷವನ್ನು ತಡೆಯಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಆದರೆ ಕೈಕಾಲು ಸ್ವಾಧೀನವಿಲ್ಲದ ಮಗುವನ್ನು ಹಣವು ಎಬ್ಬಿಸಿ ನಡೆಸಲಾರದು.

ಸೈನಿಕನಾದರೋ ಪರದೇಶದವನು, ಬಿಟ್ಟು ಹೋದ. ನಮಗೆ ಹೋಗಲು ಬೇರೆ ಊರಿಲ್ಲ. ನಾವು ಹೊಡೆದದ್ದು ನಮ್ಮ ಮಣ್ಣಿಗೇ ಇಳಿಯುತ್ತದೆ. ಅಲ್ಲಿಯ ನೀರನ್ನು ಕುಡಿಯುವವರು ನಮ್ಮ ಮಕ್ಕಳೇ. ಖಾಲಿ ಡಬ್ಬಿಯನ್ನು ಬಾವಿಯ ದಂಡೆಗೆ ಎಸೆಯುವ ಮುನ್ನ, ಒಮ್ಮೆಯಾದರೂ ಅದನ್ನು ವಿಷವೆಂದು ಕರೆದು ನೋಡೋಣ.