ರೊಟ್ಟಿಗೆ ಬಂದ ಕೈ ಸೈಕಲ್ಲಿಗೆ ಯಾಕ ಬರಬಾರ್ದು?

ಕೈ ಹೆಂಗದ ಅಂತ ಅಕ್ಕಾರು, ವೈನಿಗೋಳು, ಓಣಿಯವ್ರು ಎಲ್ಲಾರೂ ಕೇಳ್ಲಿಕತ್ತೀರಿ. ಒಬ್ಬೊಬ್ಬರಿಗೆ ಹೇಳೂದ್ಕಿಂತ ಇಲ್ಲೇ ಬರದ್ರ ಛಲೋ ಅನಸ್ತು. ಎಲುಬು ಕೂಡೇದ. ಸೈಕಲ್ಲೂ ಶುರು ಆಗೇದ. ಎರಡನೇ ಮಾತಿಗೆ ಹುಬ್ಬು ಏರಿಸಿದವ್ರಿಗೇ ಈ ಬರಹ.

ಆಗಿದ್ದಿಷ್ಟು. ಶ್ರಾವಣದ ಜಿಟಿಜಿಟಿ ಮಳಿ, ಕೆಲಗೇರಿ ಕೆರಿ ಕಡೆ ತಿರುವಿನಾಗ ರಾಡಿ, ಮುಂದಿನ ಗಾಲಿ ಜಾರ್ತು. ಬೀಳುವಾಗ ಯಾರಾದ್ರೂ ಕೈ ಊರತಾರ, ನಾನೂ ಬಲಗೈ ಊರಿದೆ. ಮುಂಗೈ ಹತ್ರ ಎಲುಬು ಮುರೀತು. ಜಾಗಾ ಬಿಟ್ಟು ಸರಿದಿರಲಿಲ್ಲ, ಹಿಂಗಾಗಿ ಆಪರೇಷನ್ ಬೇಕಾಗಲಿಲ್ಲ. ಆರು ವಾರ ಪ್ಲಾಸ್ಟರ್. ನವೆಂಬರದಾಗ 200 ಕಿಲೋಮೀಟರಿನ ಒಂದು ರೈಡಿಗೆ ತಯಾರಿ ನಡಸಿದ್ದೆ. ಬ್ರೆವೆ ಅಂತಾರ. ರೇಸ್ ಅಲ್ಲ, 13 ತಾಸು 30 ಮಿನಿಟಿನಾಗ ಮುಗಿಸಿದ್ರ ಆತು. ಅದು ಅಲ್ಲಿಗೇ ನಿಂತ್ತು.

ನೋಡ್ಲಿಕ್ಕೆ ಬಂದವ್ರು ಎರಡು ಮಾತು ತಪ್ಪದಂಗ ಆಡಿದ್ರು. ಒಂದು, "ಇನ್ನ ರೊಟ್ಟಿ ಯಾರು ಮಾಡ್ತಾರವಾ?" ಇನ್ನೊಂದು, "ನಲವತ್ತೇಳಕ್ಕ ಸೈಕಲ್ ಯಾಕ ಬೇಕಿತ್ತು? ಇನ್ನ ಸಾಕು ಮಾಡು." ಬಚ್ಚಲದಾಗ ಜಾರಿ ಕೈ ಮುರಕೊಂಡ ನಮ್ಮ ಕಾಕೂಗ ಮಾತ್ರ ಯಾರೂ "ಇನ್ನ ಜಳಕಾ ಸಾಕು ಮಾಡ್ರಿ" ಅಂದಿರಲಿಲ್ಲ.

ಮೂರನೇ ವಾರದ ಎಕ್ಸ್‌ರೇ ನೋಡಿ ಡಾಕ್ಟರು, "ಕಾಲಿಗೇನೂ ಆಗಿಲ್ಲಲ್ಲ, ಕೂತಲ್ಲೇ ತುಳೀರಿ. ರೋಡಿಗೆ ಮಾತ್ರ ಹೋಗಬ್ಯಾಡ್ರಿ" ಅಂದ್ರು. ಗೆಳತಿ ಕಡೆಯಿಂದ ಟ್ರೇನರ್ ಸ್ಟ್ಯಾಂಡ್ ತಂದು ಪಡಸಾಲ್ಯಾಗ ಇಟ್ಟೆ. ಹಿಂದಿನ ಗಾಲಿ ಅದರಾಗ ಬಿಗಿದ್ರ ಸೈಕಲ್ ನಿಂತಲ್ಲೇ ಓಡ್ತದ. ಎಡಗೈ ಹ್ಯಾಂಡಲ್ ಮ್ಯಾಲ, ಪ್ಲಾಸ್ಟರಿನ ಕೈ ಎದಿಗೆ. ಮೊದಲ 20 ಮಿನಿಟು, ಆಮ್ಯಾಲ 40. ಬೆವರಿದ್ರ ಪ್ಲಾಸ್ಟರಿನ ಒಳಗ ತಿಂಡಿ ಶುರು, ಅದಕ್ಕ ಫ್ಯಾನ್ ಮುಂದ ಕೂಡೂದು. ತುರಸ್ತದ ಅಂತ ಒಳಗ ಕಡ್ಡಿ ಹಾಕಬಾರ್ದು, ಗಾಯ ಆಗ್ತದ. ಬಟ್ಟು ಮತ್ತ ಭುಜ ಮಾತ್ರ ದಿನಾ ಆಡಸ್ತಿರಬೇಕು, ಇಲ್ಲಂದ್ರ ಅವೂ ಬಿಗೀತಾವ.

ಪ್ಲಾಸ್ಟರ್ ತಗದ ದಿವಸ ಕೈ ನೋಡಿ ನನಗ ಅಳು ಬಂತು. ಸೊರಗಿ ಕಡ್ಡಿ ಆಗಿತ್ತು, ಮುಂಗೈ ಮಣೀತಿರಲಿಲ್ಲ. ಫಿಜಿಯೋಥೆರಪಿ ಹುಡುಗಿ ಚೆಂಡು ಹಿಚುಕೂದು, ಟವೆಲ್ ಹಿಂಡೂದು ಕಲಿಸಿದ್ಲು. ಎಷ್ಟು ಸುಧಾರಿಸ್ತು ಅಂತ ಹೇಳಿದ್ದು ಮಾತ್ರ ನಮ್ಮ ಅಡಗಿಮನಿ. ಏಳನೇ ವಾರಕ್ಕ ಚಾದ ಕಪ್ಪು ಎತ್ತಿದೆ. ಒಂಬತ್ತಕ್ಕ ಒದ್ದಿ ಅರಿವಿ ಹಿಂಡಿದೆ. ಹತ್ತಕ್ಕ ಚಪಾತಿ ಹಿಟ್ಟು ನಾದಿದೆ. ಹನ್ನೊಂದಕ್ಕ ಜ್ವಾಳದ ಹಿಟ್ಟು ಹಿಡದು ಹತ್ತು ರೊಟ್ಟಿ ಬಡದೆ.

"ಕೈ ಪೂರಾ ಛಲೋ ಆತು ನೋಡು!" ಅಂದ್ರು ಅತ್ತಿಯವ್ರು.

"ಹಂಗಾದ್ರ ನಾಳೆ ಸೈಕಲ್ ಹೊರಗ ತಗೀತೇನ್ರಿ."

ಪಡಸಾಲಿ ಗಪ್ಪಾತು. ರೊಟ್ಟಿ ಬಡಿಯುವಾಗ ಮುಂಗೈಗೆ ಬೀಳೂ ಪೆಟ್ಟು ಸಣ್ಣದೇನ್ರಿ? ಅದಕ್ಕ ಯಾರೂ ಡಾಕ್ಟರ್ ಚೀಟಿ ಕೇಳಲಿಲ್ಲ. ಕಡೀಕೆ ಅತ್ತಿಯವ್ರಂದ್ರು, "ರೊಟ್ಟಿ ಬಡಿಯುವಾಗ ಯಾರೂ ಬೀಳೂದಿಲ್ಲವಾ."

ಆ ಮಾತು ಖರೇ. ಅವರಿಗೆ ಅಂಜಿಕಿ ಇತ್ತು, ನನಗ ಅವರಕಿಂತ ಹೆಚ್ಚಿತ್ತು. ನನ್ನ ಸೈಕಲ್ಲಿನ ಮುಂದಿನ ಬ್ರೇಕ್ ಬಲಗೈಯಾಗದ. ಸೈಕಲ್ ನಿಲ್ಲಸೂದು ಹೆಚ್ಚಿಗಿ ಅದೇ. ಅದಕ್ಕ ಡಾಕ್ಟರನ್ನ ಕೇಳಿ, ಮೊದಲ ಅಂಗಳದಾಗ ಬ್ರೇಕ್ ಹಿಡದು ಬಿಟ್ಟು ನೋಡಿದೆ. ನೋವಿಲ್ಲದ ಗಟ್ಟಿ ಹಿಡೀಲಿಕ್ಕೆ ಬಂದ ಮ್ಯಾಲೇ ಗೇಟು ದಾಟಿದ್ದು. ಕೈ ಮ್ಯಾಲ ಭಾರ ಕಡಿಮಿ ಬೀಳಲಿ ಅಂತ ಹ್ಯಾಂಡಲ್ ಸ್ವಲ್ಪ ಎತ್ತರಿಸಿದೆ, ಟಾಯರಿನ ಗಾಳಿ ಒಂಚೂರು ಇಳಿಸಿದೆ, ಮೆತ್ತನ್ನ ಗ್ಲೋವ್ಸ್ ಹಾಕಿದೆ. ಮುಂಜಾನೆ ಯೂನಿವರ್ಸಿಟಿ ಆವರಣದಾಗ, ಒಣ ರಸ್ತೆ, ಹತ್ತೇ ಕಿಲೋಮೀಟರ್. ಏರು ಆರಾಮ ಹತ್ತಿದೆ. ಇಳಿಜಾರಿನಾಗ ಮಾತ್ರ ಬ್ರೇಕ್ ಹಿಡಕೊಂಡೇ ಬಂದೆ, ಕೆಳಗ ಬರೂದ್ರಾಗ ಭುಜ ಕಲ್ಲಾಗಿತ್ತು. ಎಲುಬಿಗೆ ಆರು ವಾರ ಸಾಕಾತು, ಆ ಇಳಿಜಾರಿಗೆ ಮತ್ತ ಎರಡು ತಿಂಗಳು ಹಿಡೀತು.

ಮಗಳು ಅನೆಮಿಕ್ ವಾನ್ ವ್ಲೂಟನ್ ಅನ್ನೂ ಡಚ್ ಹೆಣಮಗಳ ವಿಡಿಯೋ ತೋರಿಸಿದ್ಲು. 2016ರ ರಿಯೋ ಒಲಿಂಪಿಕ್ಸಿನಾಗ ಇಳಿಜಾರಿನಾಗೇ ಬಿದ್ದು ಬೆನ್ನೆಲುಬು ಮೂರು ಕಡೆ ಬಿರುಕು ಬಿಟ್ಟಿತ್ತು. 2021ರಾಗ ಟೋಕಿಯೋದಾಗ 38ನೇ ವಯಸ್ಸಿನಾಗ ಟೈಮ್ ಟ್ರಯಲ್ ಚಿನ್ನ ಗೆದ್ಲು. ಅತ್ತಿಯವ್ರೂ ನೋಡಿದ್ರು. "ಅಕಿಗೆ ರೊಟ್ಟಿ ಕೆಲಸ ಇರಲಿಕ್ಕಿಲ್ಲ ಬಿಡು" ಅಂದ್ರು. ಆದ್ರ ಎರಡು ಸಲ ನೋಡಿದ್ರು!

ಇನ್ನೊಂದು ಮಾತು, ನಮ್ಮ ವಯಸ್ಸಿನವ್ರಿಗೆ. ಮುಟ್ಟು ನಿಲ್ಲೂ ಹೊತ್ತಿಗೆ ಎಲುಬು ತೆಳ್ಳಗಾಗ್ಲಿಕ್ಕೆ ಹತ್ತತಾವ. ಸಣ್ಣ ಬೀಳಿಕಿಗೆ ಎಲುಬು ಮುರಿದ್ರ ಡೆಕ್ಸಾ ಪರೀಕ್ಷೆ ಬೇಕೇನು ಅಂತ ಡಾಕ್ಟರನ್ನ ಕೇಳ್ರಿ. ಸೈಕಲ್ ಎದಿಗೆ, ಕಾಲಿಗೆ ಛಲೋ. ಎಲುಬಿಗೆ ಅದೊಂದೇ ಸಾಲೂದಿಲ್ಲ, ಯಾಕಂದ್ರ ಮೈ ಭಾರ ಸೀಟು ಹೊರ್ತದ. ಅದಕ್ಕ ನಾನು ವಾರಕ್ಕ ಎರಡು ದಿವಸ ಭಾರ ಎತ್ತೂದು, ದಿನಾ ಮೆಟ್ಟಲ ಹತ್ತೂದು ಹಚ್ಚೇನಿ. ಊಟದಾಗ ರಾಗಿ, ಎಳ್ಳು, ಮಸರು.

ಈಗ ವಾರಕ್ಕ ಮೂರು ದಿವಸ ತರಬೇತಿ. ಮಳಿ, ರಾಡಿ ಇದ್ರ ಪಡಸಾಲಿ ಸ್ಟ್ಯಾಂಡೇ ಗತಿ. ಹೋದ ರವಿವಾರ 60 ಕಿಲೋಮೀಟರ್ ಆತು. 200 ಮುಂದಿನ ವರ್ಷಕ್ಕ. ಪ್ಲಾಸ್ಟರ್ ಇದ್ದಷ್ಟು ದಿವಸ ರೊಟ್ಟಿ ಕೇಂದ್ರದಿಂದ ರೊಟ್ಟಿ ಬಂದ್ವು, ಮನ್ಯಾಗ ಯಾರೂ ಉಪವಾಸ ಬೀಳಲಿಲ್ಲ. ರವಿವಾರದ ರೊಟ್ಟಿ ಈಗೂ ಅಲ್ಲಿಂದನ ಬರ್ತಾವ. ತರೂದು ನಮ್ಮ ಮನಿಯವ್ರ ಕೆಲಸ.